ಕ್ಯಾಚ್ ಕ್ಯಾನ್ ತುಂಬುತ್ತೆ, ಡಿಪ್‌ಸ್ಟಿಕ್ ಮೇಲೇಳುತ್ತೆ: ಟ್ಯೂನರ್ ಜತೆ ಪ್ರಶ್ನೋತ್ತರ

ಹುಬ್ಬಳ್ಳಿ, 1.2 ಟರ್ಬೊ: ನಮಸ್ತೆ ಸರ್. ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದಲಾವಣೆ) ಮಾತ್ರ ಆಗಿದೆ. ಕ್ಯಾಚ್ ಕ್ಯಾನ್ ಬೇಕಾ?

ಟ್ಯೂನರ್: ನಮಸ್ಕಾರ. ಕ್ಯಾಚ್ ಕ್ಯಾನ್ ಅಂದ್ರೆ ಇಂಜಿನ್ ಒಳಗಿನ ಗಾಳಿ ಜತೆ ಬರೋ ಆಯಿಲನ್ನು ಹಿಡಿಯೋ ಡಬ್ಬಿ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್‌ಗೆ) ಆದರೆ ಹಾಕಿ. ಅದರಲ್ಲಿ ಇಂಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಬೀಳಲ್ಲ, ಪಿಸಿವಿಯಿಂದ (ಪಿಸ್ಟನ್ ಕೆಳಗಿನ ಕ್ರಾಂಕ್‌ಕೇಸ್ ಗಾಳಿಯನ್ನು ಇಂಟೇಕ್‌ಗೆ ಬಿಡೋ ವ್ಯವಸ್ಥೆ) ಬಂದ ಆಯಿಲ್ ಅಲ್ಲೇ ಕೂತು ಕಾರ್ಬನ್ ಆಗುತ್ತೆ. ಪೋರ್ಟ್ ಇಂಜೆಕ್ಷನ್ (ಪೆಟ್ರೋಲ್ ವಾಲ್ವ್ ಮೇಲೇ ಬೀಳುತ್ತೆ) ಆದರೆ ದುಡ್ಡು ಉಳಿಸಿ.

ಬೆಂಗಳೂರು, 1.8 ಟರ್ಬೊ: ಸರ್, ದೊಡ್ಡ ಟರ್ಬೊ, ಫೋರ್ಜ್ಡ್ ಪಿಸ್ಟನ್, 1.6 ಬಾರ್ ಬೂಸ್ಟ್. ಕೊಯಮತ್ತೂರಿನ ಟ್ರ್ಯಾಕಲ್ಲಿ 15 ನಿಮಿಷಕ್ಕೆ ಅರ್ಧ ಲೀಟರ್ ಕ್ಯಾನ್ ಮುಕ್ಕಾಲು ತುಂಬುತ್ತೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಒಂದಿಂಚು ಎದ್ದಿರುತ್ತೆ, ನೀಲಿ ಹೊಗೆ ಬೇರೆ. ಹೆಡ್ ಕವರ್‌ನಿಂದ ಕ್ಯಾನ್‌ಗೆ 10 ಮಿಮೀ ಹೋಸ್. ಊರೊಳಗೆ ಓಡಿಸುವಾಗ ಏನೂ ಇಲ್ಲ. 1 ಲೀಟರ್ ಕ್ಯಾನ್ ಹಾಕಲಾ?

ಟ್ಯೂನರ್: ಬೇಡ. ಮೊದಲು ಟ್ರ್ಯಾಕಿಗೆ ಹೋಗೋದು ನಿಲ್ಲಿಸಿ. ಮೂರು ಸೆಷನ್‌ಗೆ ಒಂದು ಲೀಟರಿಗಿಂತ ಹೆಚ್ಚು ಆಯಿಲ್ ಕಳಕೊಳ್ತೀರಿ. ತಿರುವಲ್ಲಿ ಪಂಪ್ ಗಾಳಿ ಎಳೀತು ಅಂದ್ರೆ ಬೇರಿಂಗ್ ಕಥೆ ಮುಗೀತು.

ಡಿಪ್‌ಸ್ಟಿಕ್ ಎದ್ದಿದೆ ಅಂದ್ರೆ ಕ್ರಾಂಕ್‌ಕೇಸಲ್ಲಿ ಒತ್ತಡ ನಿಂತಿದೆ. ಪಿಸಿವಿಯ ಚೆಕ್ ವಾಲ್ವ್ ಬಿಚ್ಚಿ, ಒರೆಸಿ, ಮ್ಯಾನಿಫೋಲ್ಡ್ (ಸಿಲಿಂಡರ್‌ಗೆ ಗಾಳಿ ಹಂಚೋ ಪೈಪ್) ಕಡೆಯಿಂದ ಊದಿ. ಒಂದಿಷ್ಟೂ ಗಾಳಿ ದಾಟಬಾರದು. ದಾಟಿದರೆ ನಿಮ್ಮ ಬೂಸ್ಟ್, ಅಂದ್ರೆ ಟರ್ಬೊ ಒತ್ತಿದ ಗಾಳಿ, ನೇರ ಸಂಪ್‌ಗೆ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳೀತಿದೆ. ಬಾಯಿಗೆ ತಡೆದ ವಾಲ್ವ್ 1.6 ಬಾರ್‌ಗೂ ತಡೆಯುತ್ತೆ ಅಂತಿಲ್ಲ, ಆಮೇಲೆ ಕಂಪ್ರೆಸರ್ ಇಟ್ಟೂ ನೋಡಿ.

ವಾಲ್ವ್ ಸರಿ ಇದ್ದರೆ ಒತ್ತಡ ಅಳೀಬೇಕು. ಹಳೇ ಆಯಿಲ್ ಕ್ಯಾಪ್‌ಗೆ ತೂತು ಹೊಡೆದು ನಿಪ್ಪಲ್ ಕೂರಿಸಿ, ಒಂದು ಮೀಟರ್ ಹೋಸ್ ಹಾಕಿ, ತುದಿಗೆ 1 ಬಾರ್ ಮ್ಯಾಪ್ ಸೆನ್ಸರ್ (ಒತ್ತಡ ಅಳೆಯೋದು), ಲಾಗ್ ಮಾಡಿ. ಡಿಪ್‌ಸ್ಟಿಕ್ ಪೈಪಿಗೆ ಸಿಕ್ಕಿಸಬೇಡಿ, ಕೆಲವು ಇಂಜಿನ್‌ನಲ್ಲಿ ಅದರ ತುದಿ ಆಯಿಲಲ್ಲಿ ಮುಳುಗಿರುತ್ತೆ. ಬೆಂಗಳೂರಲ್ಲಿ ಇಂಜಿನ್ ಆಫ್ ಇದ್ದಾಗ ಸುಮಾರು 91 ಕಿಲೋಪಾಸ್ಕಲ್ ತೋರಿಸುತ್ತೆ, ಅದೇ ನಿಮ್ಮ ಸೊನ್ನೆ. ಕೊಯಮತ್ತೂರು ತಗ್ಗು, ಅಲ್ಲಿ 96ರ ಆಸುಪಾಸು; ಸೊನ್ನೆ ಮತ್ತೆ ನೋಡಿಕೊಳ್ಳಿ. ಐಡಲಲ್ಲಿ ಸೊನ್ನೆಗಿಂತ ಸ್ವಲ್ಪ ಕೆಳಗಿರಬೇಕು. ಫುಲ್ ಬೂಸ್ಟಲ್ಲಿ ಸೊನ್ನೆಗಿಂತ 2–3 ಕಿಲೋಪಾಸ್ಕಲ್ ಮೇಲೆ ಹೋದರೆ ಗಾಳಿ ಹೊರಗೆ ಹೋಗ್ತಿಲ್ಲ.

ನೇರ ದಾರೀಲೂ ಏರುತ್ತಾ? ಬ್ಲೋ-ಬೈ (ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯೋ ಗ್ಯಾಸ್) ಜಾಸ್ತಿ ಅಥವಾ ಹೋಸ್ ಸಣ್ಣದು. ಒತ್ತಡ ಏರದೆ ಉದ್ದ ತಿರುವಲ್ಲಿ ಆಯಿಲ್ ಮಾತ್ರ ಬರುತ್ತಾ? ಆಯಿಲ್ ಹೆಡ್‌ನಲ್ಲಿ ಒಂದು ಪಕ್ಕ ಗುಡ್ಡೆಯಾಗಿ ಬ್ರೀದರ್ ಬಾಯಿ ಮುಚ್ಚುತ್ತಿದೆ: ಮ್ಯಾಕ್ಸ್ ಗೆರೆ ದಾಟಿ ತುಂಬಿದ್ದೀರಾ, ಕವರ್ ಒಳಗಿನ ಬ್ಯಾಫಲ್ (ಆಯಿಲ್ ತಡೆಯೋ ತಗಡು) ಇದೆಯಾ ನೋಡಿ. ಎರಡೂ ಬೇರೆ ಬೇರೆ ಕಾಯಿಲೆ.

ಹೋಸ್ 19 ಮಿಮೀ ಮಾಡಿ. 10ಕ್ಕಿಂತ ಒಳಜಾಗ ಮೂರೂವರೆ ಪಟ್ಟು. ಫಿಟ್ಟಿಂಗ್ ಒಳಗೆ 8 ಮಿಮೀ ತೂತಿದ್ದರೆ ನಿಮ್ಮ ಹೋಸ್ 8 ಮಿಮೀ ಅಂತಲೇ ಲೆಕ್ಕ.

ಹೊಗೆ ನೋಡಿ ಟರ್ಬೊ ಬಿಚ್ಚಬೇಡಿ. ಟರ್ಬೊದಿಂದ ಆಯಿಲ್ ತನ್ನ ಭಾರಕ್ಕೇ ಸಂಪ್‌ಗೆ ಇಳೀಬೇಕು. ಕೆಳಗಿಂದ ಒತ್ತಡ ತಡೆದರೆ ಟರ್ಬೊ ಸೀಲ್ ದಾಟಿ ಎಕ್ಸಾಸ್ಟ್‌ಗೆ ಬರುತ್ತೆ. ಬಿಸಿ ಇಂಜಿನ್ ಮೇಲೆ ಲೀಕ್‌ಡೌನ್ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯೋ ಟೆಸ್ಟ್) ಮಾಡಿಸಿ. ಸೋರಿಕೆ 20% ದಾಟಿ, ಆಯಿಲ್ ಕ್ಯಾಪ್ ಬಾಯಲ್ಲಿ ಬುಸ್ ಅಂದರೆ ಪಿಸ್ಟನ್ ರಿಂಗ್ ಹೋಗಿದೆ.

ತುಮಕೂರು, 1.0 ಟರ್ಬೊ: ಸರ್ ಕ್ಯಾಚ್ ಕ್ಯಾನ್ ಬೇಕಾ ನನಗೆ?

ಟ್ಯೂನರ್: ಮೊದಲ ಉತ್ತರ ಓದಿ.

ಕಲಬುರಗಿ, 1.5 ಡೀಸೆಲ್: ಡೀಸೆಲ್‌ಗೆ ಯಾವ ಕ್ಯಾನ್ ಸರ್?

ದಾವಣಗೆರೆ: ವಾಟ್ಸಾಪಲ್ಲಿ ಬಂದಿದ್ದು: "ಪಿಸಿವಿ ಪೈಪಿಗೆ ಬೋಲ್ಟ್ ಹೊಡೆದು ಮುಚ್ಚಿ, ಪವರ್ ಏರುತ್ತೆ. ಕ್ಯಾನ್ ಒಳಗೆ ಪಾತ್ರೆ ತಿಕ್ಕೋ ಸ್ಟೀಲ್ ನಾರು ತುರುಕಿ. ಇಂಜಿನ್ ಆಯಿಲ್‌ಗೆ ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ ಓಡಿಸಿ." ನಿಜಾನಾ? 🙏

ಟ್ಯೂನರ್: ಬರೆದವನು ಇಂಜಿನ್ ಬಿಚ್ಚಿ ನೋಡಿಲ್ಲ. ಬೇರೆ ಬ್ರೀದರ್ ಇಲ್ಲದೆ ಬೋಲ್ಟ್ ಹೊಡೆದರೆ ಗಾಳಿ ಕ್ರಾಂಕ್‌ನ ಹಿಂದಿನ ಸೀಲ್ ಒದ್ದುಕೊಂಡು ಹೊರಗೆ ಬರುತ್ತೆ. ಅದನ್ನು ಹಾಕೋಕೆ ಗೇರ್‌ಬಾಕ್ಸ್ ಇಳಿಸಬೇಕು. ಸ್ಟೀಲ್ ನಾರಿನ ಎಳೆ ಉದುರಿ ಇಂಟೇಕ್‌ಗೆ ಹೋಗುತ್ತೆ. ಸೀಮೆಎಣ್ಣೆ ಆಯಿಲನ್ನು ನೀರು ಮಾಡುತ್ತೆ, ಬೇರಿಂಗ್ ಉಜ್ಜುತ್ತೆ. ಇದನ್ನು ಇನ್ನೊಂದು ಗ್ರೂಪಿಗೆ ಕಳಿಸಬೇಡಿ.

ಮಂಗಳೂರು: ಇಷ್ಟೆಲ್ಲ ಯಾಕೆ? ಹೆಡ್ ಕವರಿಗೆ ಚಿಕ್ಕ ಬ್ರೀದರ್ ಫಿಲ್ಟರ್ ಹಾಕಿ, ಗಾಳಿಗೆ ಬಿಡಿ.

ಶಿವಮೊಗ್ಗ: ಮಾಫ್ ಸೆನ್ಸರ್ (ಒಳಬರೋ ಗಾಳಿ ಅಳೆಯೋದು) ಇರೋ ಗಾಡಿಗಾ? ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗಿ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗುತ್ತೆ ಗುರು.

ಮಂಗಳೂರು: ಮ್ಯಾನಿಫೋಲ್ಡ್ ಕಡೆಯೂ ಇಂಟೇಕ್ ಕಡೆಯೂ ಮುಚ್ಚಿದರೆ ಎಲ್ಲಿಂದ ಹೋಗುತ್ತೆ ಲೆಕ್ಕಕ್ಕಿಲ್ಲದ ಗಾಳಿ? ಸ್ವಲ್ಪ ಓದಿಕೊಂಡು ಬನ್ನಿ.

ಶಿವಮೊಗ್ಗ: ಮುಚ್ಚಿ ಅಂತ ನೀವು ಮೊದಲು ಹೇಳಿದ್ರಾ? ನಿಮ್ಮ ಮಾತು ಕೇಳಿ ಅರ್ಧ ಮಾಡಿದವನ ಗಾಡಿ ಯಾರು ಸರಿ ಮಾಡೋದು?

ಮಂಗಳೂರು: ಅರ್ಧ ಮಾಡೋರಿಗೆ ಸ್ಪ್ಯಾನರ್ ಯಾಕೆ ಕೊಡ್ತೀರಿ?

ಟ್ಯೂನರ್: ಇಬ್ಬರೂ ಹೇಳಿದ್ದು ಸರಿ, ಜಗಳ ತಪ್ಪು. ಎರಡೂ ಕಡೆ ಮುಚ್ಚಿದರೆ ಲೀನ್ ಆಗಲ್ಲ. ಆದರೆ ಒಳಗೆ ಹೊಸ ಗಾಳಿ ಹರಿಯಲ್ಲ, ನೀರಾವಿ, ಪೆಟ್ರೋಲ್ ಆವಿ ಆಯಿಲಲ್ಲೇ ಉಳಿಯುತ್ತೆ, ಕ್ಯಾಬಿನ್ ನಾರುತ್ತೆ. ರೇಸ್ ಗಾಡಿಗೆ ಸರಿ, ದಿನಾ ಓಡಿಸೋದಕ್ಕೆ ಬೇಡ.

ಮಡಿಕೇರಿ, 1.4 ಟರ್ಬೊ: ಕ್ಯಾನ್ ತುಂಬ ಹಾಲಿನ ಕೆನೆ ಥರ ಇದೆ. ಗ್ಯಾಸ್ಕೆಟ್ ಹೋಯ್ತಾ?

ಟ್ಯೂನರ್: ಕ್ಯಾನಲ್ಲಿ ಮಾತ್ರ ಇದ್ದರೆ ಚಳಿಗೆ ಕೂತ ನೀರಾವಿ. ಡಿಪ್‌ಸ್ಟಿಕ್‌ನಲ್ಲೂ ಇದ್ದು ಕೂಲಂಟ್ ಇಳೀತಿದ್ದರೆ ಓಡಿಸಬೇಡಿ. ಕ್ಯಾನಲ್ಲಿರೋದನ್ನು ಸಂಪ್‌ಗೆ ವಾಪಸ್ ಸುರೀಬೇಡಿ.

ಹಾಸನ: ಕ್ಯಾಚ್ ಕ್ಯಾನ್ ಹಾಕಿದರೆ ಮೈಲೇಜ್ ಬರುತ್ತಾ?

ಟ್ಯೂನರ್: ಇಲ್ಲ.

ಬೆಂಗಳೂರು, 1.8 ಟರ್ಬೊ: ಊದಿ ನೋಡಿದೆ ಸರ್. ಎರಡೂ ಕಡೆಯಿಂದ ಗಾಳಿ ಹೋಗುತ್ತೆ!

ಟ್ಯೂನರ್: ಸಿಕ್ಕಿತು. ವಾಲ್ವ್ ಬದಲಿಸಿ, ಆದರೂ ಲೀಕ್‌ಡೌನ್ ಬಿಡಬೇಡಿ. ಅಷ್ಟು ದಿನ ಒತ್ತಡ ತಿಂದ ಹಿಂದಿನ ಸೀಲ್ ಜಿನುಗುತ್ತಿದೆಯಾ ಕೆಳಗಿಂದ ನೋಡಿ.

ಬೆಂಗಳೂರು, 1.8 ಟರ್ಬೊ: ಹಾಗಾದ್ರೆ 10 ಮಿಮೀ ಹೋಸೇ ಇರಲಾ?

ಟ್ಯೂನರ್: 19 ಅಂದೆನಲ್ಲ.

ಕಲಬುರಗಿ, 1.5 ಡೀಸೆಲ್: ಸರ್, ಡೀಸೆಲ್?