ಸಹಾಯ ಬೇಕು: ಮುಂಬೈನ ಹಳೆಯ ಬಾಡಿಗೆ ರಸೀದಿ ಯಾರ ಮನೆಯಲ್ಲಾದರೂ ಇದೆಯೇ?

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಮುಂಬೈನಲ್ಲಿ ನಗರ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಪಗಡಿ ಮನೆ ಮತ್ತು ಅಂಗಡಿಗಳ ಬಾಡಿಗೆ. ಪಗಡಿ ಅಂದರೆ ಬಾಡಿಗೆ ಹಕ್ಕು ಪಡೆಯಲು ಒಂದೇ ಸಲ ಕೊಡುವ ದೊಡ್ಡ ಮೊತ್ತ; ತಿಂಗಳ ಬಾಡಿಗೆ ಬೇರೆ, ಅದು ತೀರಾ ಕಡಿಮೆ.

1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಊರು ಬೆಳೆಯಿತು, ಜಾಗದ ಬೆಲೆ ಏರಿತು, ರಸೀದಿಯ ಮೊತ್ತ ಮಾತ್ರ ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ಬಾಡಿಗೆ ಸಾಲದೆ ಎಷ್ಟೋ ಮಾಲೀಕರು ರಿಪೇರಿ ಕೈಬಿಟ್ಟರು. ಜಾಗದ ನಿಜವಾದ ಬೆಲೆ ಪಗಡಿ ಹಣವಾಗಿ ಕೈಯಿಂದ ಕೈಗೆ ಹೋಯಿತು. ಪಗಡಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ. ವರ್ಷಕ್ಕೆ ಶೇ. 4ರಷ್ಟು ಬಾಡಿಗೆ ಏರಿಸುವ ಅವಕಾಶವೂ ಅದರಲ್ಲೇ ಬಂತು.

ಅದಕ್ಕೂ ಮುಂಚಿನ ಪಗಡಿ ಲೆಕ್ಕ ಸರ್ಕಾರಿ ಕಡತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು ನಮ್ಮ ಹಿರಿಯರ ಟ್ರಂಕಿನಲ್ಲಿ, ನೆನಪಿನಲ್ಲಿ. ಮಾಟುಂಗ, ಫೋರ್ಟ್, ಗಿರಗಾಂವ್ ಕಡೆ ಹೋಟೆಲ್ ನಡೆಸಿದವರು, ಚಾಳ್‌ನಲ್ಲಿ ಸಂಸಾರ ಮಾಡಿದವರು ನಮ್ಮಲ್ಲೇ ಎಷ್ಟೊಂದು ಜನ ಇದ್ದಾರಲ್ವಾ? ನನ್ನ ಅಜ್ಜನೂ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತವರು. ಇದನ್ನೆಲ್ಲ ನಾನು ಕೇಳುವ ಮೊದಲೇ ಅವರು ತೀರಿಹೋದರು. ಆ ಕೊರಗು ನನಗೆ ಇವತ್ತಿಗೂ ಇದೆ.

2000ಕ್ಕಿಂತ ಹಿಂದಿನ ಒಂದೇ ಒಂದು ರಸೀದಿ ಇದ್ದರೂ ಸಾಕು, ಫೋಟೋ ಕಳಿಸಿ. ಹೆಸರು, ಮನೆ ನಂಬರ್ ಮುಚ್ಚಿಯೇ ಕಳಿಸಿ. ವರ್ಷ, ಏರಿಯಾ, ಮೊತ್ತ ಕಂಡರೆ ಆಯಿತು. ಮಾತಾಡಲು ಒಪ್ಪುವ ಹಿರಿಯರಿದ್ದರೆ ದಯವಿಟ್ಟು ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಭಾನುವಾರ ನಾನೇ ಮನೆಗೆ ಬರುತ್ತೇನೆ.