ಅಪ್‌ಡೇಟ್: ಖರ್ಚು ಲೆಕ್ಕದ ಆ್ಯಪ್‌ನಲ್ಲಿ ಕೊನೆಗೂ ಜನ ನಿಲ್ಲುತ್ತಿದ್ದಾರೆ

ನನ್ನ ಆ್ಯಪ್ ಬಗ್ಗೆ ಹಿಂದೆ ಇಲ್ಲಿ ಕೇಳಿದ್ದು ಇಷ್ಟು: ಖರ್ಚು ಬರೆದಿಡುವ ಆ್ಯಪ್‌ಗಳು ತುಂಬಿ ತುಳುಕುವಾಗ ಹೊಸದೊಂದು ಹುಡುಕಾಟದಲ್ಲಿ ಕಾಣುವುದು ಹೇಗೆ, ಹಾಕಿಕೊಂಡವರು ಮರುದಿನವೇ ತೆಗೆಯದಂತೆ ಮಾಡುವುದು ಹೇಗೆ?

ಫಲ ಕೊಟ್ಟಿದ್ದು "ಎಲ್ಲರಿಗೂ ಬೇಡ, ಒಂದೇ ಗುಂಪಿಗೆ ಮಾಡಿ" ಎಂಬ ಸಲಹೆ. ಈಗ ನನ್ನದು ಒಂದೇ ರೂಮಿನಲ್ಲಿರುವವರು ಬಾಡಿಗೆ, ಕರೆಂಟ್ ಬಿಲ್ ಹಂಚಿಕೊಳ್ಳುವ ಆ್ಯಪ್ ಮಾತ್ರ. ಒಬ್ಬರು ಹಾಕಿಕೊಂಡರೆ ಉಳಿದವರನ್ನು ಅವರೇ ಕರೆತರುತ್ತಾರೆ. ಹೆಸರಿಗಿರುವ 30 ಅಕ್ಷರಗಳಲ್ಲೂ ಈ ಕೆಲಸವನ್ನೇ ಹೇಳಿದೆ. ಆ್ಯಪಲ್‌ನ ಆ್ಯಪ್ ಸ್ಟೋರಿನಲ್ಲಿ ಕೀವರ್ಡ್‌ಗೆ (ಜನ ಹುಡುಕುವ ಪದಗಳಿಗೆ) ಇರುವ 100 ಅಕ್ಷರಗಳ ಜಾಗದಲ್ಲಿ ಹೆಸರಿನ ಪದಗಳನ್ನೇ ಮತ್ತೆ ತುಂಬಿದ್ದು ದಂಡ. ಅಲ್ಲಿ ಪದಗಳ ನಡುವಿನ ಅಲ್ಪವಿರಾಮದ ನಂತರ ಬಿಡುವ ಖಾಲಿ ಜಾಗವೂ ಒಂದು ಅಕ್ಷರ ತಿನ್ನುತ್ತದೆ. ಇದನ್ನು ತಿಳಿಸಿದವರಿಗೆ ವಿಶೇಷ ಧನ್ಯವಾದ.

ಲಾಗಿನ್ ಪರದೆಯನ್ನು ಮೊದಲ ಬಿಲ್ ಹಂಚಿದ ನಂತರಕ್ಕೆ ತಳ್ಳಿದ್ದೂ ಒಳ್ಳೆಯದಾಯಿತು. ರೇಟಿಂಗ್ ಕೇಳುವ ಪೆಟ್ಟಿಗೆ ಐಫೋನ್‌ನಲ್ಲಿ 365 ದಿನಕ್ಕೆ ಹೆಚ್ಚೆಂದರೆ 3 ಸಲ ಬರುತ್ತದೆ, ಹಾಗಾಗಿ ಲೆಕ್ಕ ಚುಕ್ತಾ ಆದ ಕ್ಷಣದಲ್ಲೇ ಕೇಳಿ. ಆ್ಯಪ್ ತೆರೆದ ಕೂಡಲೇ ಕೇಳಿದರೆ ಅವಕಾಶ ವ್ಯರ್ಥ.

ಜಾಹೀರಾತು ಕೈಕೊಟ್ಟಿತು. ಇನ್‌ಸ್ಟಾಲ್ ಬಂತು, ಜನ ಉಳಿಯಲಿಲ್ಲ. ಬೆಲೆ ಇಳಿಸಿದ್ದರಿಂದಲೂ ಏನೂ ಆಗಲಿಲ್ಲ.

ನನಗೆ ಮೊದಲು ಗೊತ್ತಿಲ್ಲದ ಇನ್ನೊಂದು ಸಂಗತಿ: ಪ್ಲೇ ಸ್ಟೋರಿನಲ್ಲಿ ಹೊಸ ವೈಯಕ್ತಿಕ ಖಾತೆಯಾದರೆ, ಬಿಡುಗಡೆಗೆ ಮುನ್ನ ಕನಿಷ್ಠ 12 ಪರೀಕ್ಷಕರು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ನಾವು ಸೇರಿಸಿಕೊಂಡವರಿಗಷ್ಟೇ ಆ್ಯಪ್ ಸಿಗುವ ಪರೀಕ್ಷೆಯಲ್ಲಿ) ಇರಬೇಕು. ನಡುವೆ ಕೆಲವರು ಬಿಟ್ಟುಹೋಗುತ್ತಾರೆ, ಆದ್ದರಿಂದ ನಾಲ್ಕೈದು ಜನರನ್ನು ಹೆಚ್ಚಿಗೆ ಸೇರಿಸಿಕೊಳ್ಳಿ.