ಸಹಾಯ ಬೇಕು: ಪೆರ್ಡೂರಿನಿಂದ ಹೆಬ್ರಿಗೆ ಸೈಕಲ್ ಹೋಗುವ ಒಳದಾರಿ ಇದೆಯೇ?

ಮಣಿಪಾಲದಿಂದ ಹೆಬ್ರಿಗೆ ಗೇರ್ ಸೈಕಲ್ಲಿನಲ್ಲಿ ಹೋಗುವ ಆಸೆ. ಹಿರಿಯಡ್ಕ, ಪೆರ್ಡೂರು ಹಾದುಹೋಗುವ 169ಎ ಹೆದ್ದಾರಿ ಗೊತ್ತು. ಆದರೆ ಹಾರ್ನ್ ಹೊಡೆಯುತ್ತ ಬೆನ್ನಿಗೇ ಬರುವ ಬಸ್ಸುಗಳ ಮುಂದೆ ನನ್ನ ಧೈರ್ಯ ಸಾಲದು. ಮೊಬೈಲ್ ನಕ್ಷೆ ನಂಬಿ ಪೆರ್ಡೂರಿನ ನಂತರ ಎರಡು ಸಲ ಒಳದಾರಿ ಹಿಡಿದೆ. ಮೊದಲ ಸಲ ದಾರಿ ಯಾರದೋ ಮನೆಯಂಗಳದಲ್ಲಿ ಮುಗಿಯಿತು. ಅಡಿಕೆ ಹರವುತ್ತಿದ್ದ ಅಜ್ಜಿ ನಕ್ಕು ಬೆಲ್ಲ, ನೀರು ಕೊಟ್ಟರು. ನಾಯಿ ಮಾತ್ರ ಒಪ್ಪಲಿಲ್ಲ. ಎರಡನೆಯ ಸಲ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡಲಾಗಿ ಪಾಚಿಗಟ್ಟಿದ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಸೈಕಲ್ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಇಟ್ಟೆ, ಕಾಲು ಜಾರಿತು, ವಾಪಸಾದೆ. ಮುರಕಲ್ಲಿನ ಏರಾದರೂ ಸರಿ, ತಳ್ಳಿಕೊಂಡು ಹೋಗುತ್ತೇನೆ. ಆ ಕಡೆಯವರು ದಯವಿಟ್ಟು ಹೇಳಿ: ಹೆದ್ದಾರಿ ಬಿಟ್ಟು, ಗಟ್ಟಿ ಸೇತುವೆಯ ಮೇಲೆಯೇ ತೋಡು ದಾಟಿ ಹೆಬ್ರಿ ಸೇರಲು ಪೆರ್ಡೂರಿನ ನಂತರ ಎಲ್ಲಿ ತಿರುಗಬೇಕು?